ಗಂಟು

ಬೆಳಗಿನ ನಾಲ್ಕೂವರೆ, ಹದಿನಾರನೇ ಡೆಕ್ಕು.
ನಾನು, ಟಾರ್ಚು, ಉಪ್ಪು.
ರಾತ್ರಿಯಿಡೀ ಕೆರಿಬಿಯನ್ ಕಡಲು ಜಿಪ್‌ಲೈನಿನ ತಂತಿಯನ್ನು ನೆಕ್ಕಿದೆ.
ಹಳೇ ಬನಿಯನ್ನು ಬೆರಳಿಗೆ ಸುತ್ತಿ ಗೇಣು ಗೇಣಾಗಿ ಸವರುತ್ತೇನೆ;
ಬಟ್ಟೆ ಎಲ್ಲಿ ಸಿಕ್ಕಿಕೊಂಡಿತೋ
ಅಲ್ಲೊಂದು ಎಳೆ ಬಿಟ್ಟಿದೆ ಎಂದು ಲೆಕ್ಕ.
ಕೆಳಗೆ ಮೂರು ಸಾವಿರ ಜನ ಮಲಗಿದ್ದಾರೆ,
ಜಾಹೀರಾತಿನ ಹುಡುಗಿಯ ಹಾಗೆ
ಎರಡೂ ಕೈ ಚಾಚಿಕೊಂಡು.

ಎದೆಯ ಬಿಲ್ಲೆಯಲ್ಲಿ ಅಬ್ನೇರ್ ಗುಂಬಾನ್, ಅದರಡಿ ಫಿಲಿಪ್ಪೀನ್ಸ್.
ಗಿಮಾರಸ್ ದ್ವೀಪ ಎಂದರೆ ಯಾರೂ ಅರಿಯರು,
ಮಾವಿನಹಣ್ಣು ಎಂದರೆ ತಲೆಯಾಡಿಸುತ್ತಾರೆ.
ಅಲ್ಲಿ ನಮ್ಮಪ್ಪ ದೋಣಿಯ ಎರಡೂ ಮಗ್ಗುಲಿಗೆ
ಬಿದಿರಿನ ತೋಳು ಬಿಗಿಯುತ್ತಿದ್ದ.
ಬರೀ ನೈಲಾನ್ ದಾರ, ಬರೀ ಗಂಟು, ಒಂದು ಮೊಳೆಯಿಲ್ಲ.
ಕೊನೆಯಲ್ಲಿ ಹಲ್ಲಿನಿಂದ ಕಚ್ಚಿ ಜಗ್ಗಿ ನೋಡುತ್ತಿದ್ದ.
ಐವತ್ತು ತುಂಬುವ ಮೊದಲೇ ಅವನ ಮುಂದಿನೆರಡು ಹಲ್ಲು ಹೋದವು.
ದೋಣಿ ಒಂದೂ ಹೋಗಲಿಲ್ಲ.

ಇಲ್ಲಿ ಗಾಳಿಯನ್ನೂ ಗಂಟಿನಲ್ಲೇ ಅಳೆಯುತ್ತಾರೆ.
ಇಪ್ಪತ್ತೈದು ದಾಟಿದರೆ ಹಲಗೆ ತೂಗುಹಾಕು: ಇಂದು ಮುಚ್ಚಿದೆ.
ಭಾನುವಾರ ಇಪ್ಪತ್ತೊಂಬತ್ತು. ಸೋಮವಾರ ಮೂವತ್ತೊಂದು.
ಮಂಗಳವಾರ ಗಾಳಿ ಬಿತ್ತು,
ಆದರೆ ರಾಟೆಯೊಂದರಲ್ಲಿ ಕೂದಲೆಳೆಯಂಥ ಬಿರುಕು.
ಬದಲಿ ರಾಟೆ ಕೊಸುಮೆಲ್ ಬಂದರಿಗೆ ಬರಬೇಕಿತ್ತು;
ಬಂತು, ಬೇರೆ ಅಳತೆಯದು.
ಅಪ್ಪಂದಿರು ನನ್ನನ್ನು ದಿಟ್ಟಿಸಿದರು
ಗಾಳಿ ನನ್ನ ಜೇಬಿನಲ್ಲಿದೆ ಎಂಬಂತೆ.
ದುಡ್ಡು ಕೊಟ್ಟಿದ್ದೇವಯ್ಯಾ, ಎಂದರು ಒಬ್ಬರು.
ಇದನ್ನೇ ನಂಬಿಕೊಂಡು ಬಂದೆವು, ಎಂದಳು ಒಬ್ಬ ತಾಯಿ,
ಮೆಲ್ಲಗೆ. ಅದು ಹೆಚ್ಚು ನಾಟಿತು.

ಅಮ್ಮಾ, ಹಗ್ಗ ಕೈಕೊಡುವ ಮೊದಲು
ನಾನೇ ಕೈಕೊಡುತ್ತೇನೆ,
ದಿನಾ, ನಗುತ್ತ, ನಿಮ್ಮ ಮಕ್ಕಳಿಗೆ.
ಸಂಬಳ ಅದಕ್ಕೇ.
(ಹೇಳಲಿಲ್ಲ. ಹೇಳಿದ್ದು: ಕ್ಷಮಿಸಿ, ನಾಳೆ ನೋಡೋಣ.)

ಡುಲೂತ್ ಊರಿನ ಹುಡುಗ ಆನ್ಸೆಲ್ ಮಾತ್ರ ದೂರಲಿಲ್ಲ.
ಮುಚ್ಚಿದ್ದರೂ ಬರುತ್ತಿದ್ದ, ಅಳತೆಗಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ.
ನಾಲ್ಕು ಅಡಿಗೆ ಬರೆದ ಡಾಲ್ಫಿನ್ನಿನ ಮೂಗಿಗೆ ತಲೆ ತಾಗಬೇಕು.
ಒಂದು ಬೆರಳು ಕಡಿಮೆ. ಗುರುವಾರವೂ ಒಂದು ಬೆರಳು.
ಶನಿವಾರ ರಾಟೆ ಸರಿ, ಗಾಳಿ ಹನ್ನೊಂದು,
ಹಲಗೆ ತೆಗೆದೆ.
ಸಾಲಿನಲ್ಲಿ ಮೊದಲಿಗನೇ ಅವನು, ತಲೆ ಮೂಗಿಗೆ ಸರಿಯಾಗಿ ತಾಗಿತು,
ನಡೆದ ರೀತಿ ಮಾತ್ರ ಮೊಟ್ಟೆಗಳ ಮೇಲೆ ಕಾಲಿಟ್ಟ ಹಾಗೆ.

ಬಗ್ಗಿ ಲೇಸು ಬಿಚ್ಚಿದೆ.
ಊಟದ ಹಾಲಿನ ನೀಲಿ ನ್ಯಾಪ್ಕಿನ್ನುಗಳು,
ನಾಲ್ಕು ಮಡಿಕೆ, ಬೆವರಿಗೆ ಒದ್ದೆ.
ಅವನಜ್ಜಿ ಕಡಲ ಕಡೆ ಮುಖ ತಿರುಗಿಸಿದಳು.
ಹುಡುಗ ಅಳಲಿಲ್ಲ. ಕೇಳಿದ:
ಹಗ್ಗಕ್ಕೆ ಗೊತ್ತಾಗುತ್ತಿತ್ತಾ?
ಇಲ್ಲ, ಎಂದೆ. ಅದಕ್ಕೆ ಗೊತ್ತಾಗುವುದಿಲ್ಲ,
ಅದಕ್ಕೇ ನಾನಿರುವುದು.

ಪಕ್ಕದಲ್ಲಿ ಕೂರಿಸಿಕೊಂಡೆ, ಏನೋ ಒಂದು ಕೆಲಸವಿರಲಿ ಎಂದು:
ಒಬ್ಬೊಬ್ಬರಿಗೂ ಎರಡು ಕೊಕ್ಕೆ, ಎರಡು ಟಕ್, ಎಣಿಸು.
ಮಧ್ಯಾಹ್ನದವರೆಗೆ ಎಣಿಸಿದ, ಐಸ್‌ಕ್ರೀಮಿಗೂ ಏಳದೆ.
ಕೆಂಪು ಜಡೆಯ ಹುಡುಗಿಯೊಬ್ಬಳು ಅಂಚಿಗೆ ಬಂದಾಗ
ಹಿಂದಿನಿಂದ ಅವನ ದನಿ: ಒಂದೇ ಕೇಳಿಸ್ತು.

ನನಗೆ ಎರಡು ಕೇಳಿಸಿತ್ತು.
ಆಣೆಯಿಟ್ಟು ಹೇಳಬಲ್ಲೆ, ಎರಡು.
ಆದರೂ ಕೈ ಅಡ್ಡ ಹಿಡಿದು ತಿರುಗಿಸಿ ನೋಡಿದೆ:
ಹಿಂದಿನ ಕೊಕ್ಕೆಯ ಬಾಯಲ್ಲಿ
ಈಜುಕೊಳದ ಟವೆಲಿನ ಒಂದು ನೂಲು.
ಬಾಯಿ ಪೂರ್ತಿ ಮುಚ್ಚಿರಲಿಲ್ಲ.
ಇನ್ನೊಂದು ಸಾಕಿತ್ತು, ಬಹುಶಃ.

ನೂಲನ್ನು ಹಲ್ಲಲ್ಲಿ ಕಚ್ಚಿ ಎಳೆದೆ.
ಟಕ್.
ಹುಡುಗನ ಕಡೆ ನೋಡಿದೆ.
ಇನ್ನೊಂದ್ಸಲ, ಎಂದ.
ಟಕ್.
ಅವನು ತಲೆಯಾಡಿಸಿದ ಮೇಲೆ ಅವಳನ್ನು ಬಿಟ್ಟೆ.